ತನ್ನ ಮೇಲೆಯೇ ಕರುಣೆ ತೋರುವ ಅಭ್ಯಾಸ ಕೊಟ್ಟಾಗ ಕ್ಲೈಂಟ್ ಇನ್ನಷ್ಟು ಕುಗ್ಗಿದರೆ ಎಂತ ಮಾಡುವುದು?

ಸ್ವರ್ಣೆಯ ದಡ · ಉಡುಪಿ

ನಮಸ್ಕಾರ. ಆಸ್ಪತ್ರೆಯಲ್ಲಿ ಥೆರಪಿ ಮಾಡುವವರಿಗೂ ಕಾಲೇಜುಗಳಲ್ಲಿ ಕೌನ್ಸೆಲಿಂಗ್ ಮಾಡುವವರಿಗೂ ಒಂದು ಪ್ರಶ್ನೆ ಉಂಟು.

ತನ್ನನ್ನು ತಾನೇ ಹಳಿದುಕೊಳ್ಳುವುದು ಉಸಿರಾಟದಷ್ಟು ರೂಢಿಯಾದವರಿಗೆ "ಎದೆಯ ಮೇಲೆ ಕೈ ಇಟ್ಟು ನಿಮಗೆ ನೀವೇ ಎರಡು ಒಳ್ಳೆಯ ಮಾತು ಹೇಳಿ" ಎಂದರೆ ಮುಖ ಬಿಗಿಯುತ್ತದೆ. ಕೆಲವರು ಬಿಕ್ಕಿ ಅಳುತ್ತಾರೆ, ಕೆಲವರಿಗೆ ಸಿಟ್ಟು ಬರುತ್ತದೆ, ಕೆಲವರು ಮುಂದಿನ ಸಲ ಬರುವುದೇ ಇಲ್ಲ. ಸೆಕೆಂಡ್ ಪಿಯುಸಿ ಮಕ್ಕಳದ್ದು ಇನ್ನೊಂದು ವಾದ: "ನನಗೆ ನಾನೇ ಬೈದುಕೊಳ್ಳದಿದ್ದರೆ ಓದುವವರು ಯಾರು?" ಮನೆಯಲ್ಲಿ ಮಾಡಲು ಕೊಟ್ಟದ್ದು ಮನೆಯಲ್ಲಿ ಆಗುವುದಿಲ್ಲ.

ಎರಡು ವಾರಕ್ಕೊಮ್ಮೆ 45 ನಿಮಿಷ ಸಿಗುತ್ತದೆ ಎಂದಿಟ್ಟುಕೊಳ್ಳಿ. ಯಾವುದರಿಂದ ಶುರುಮಾಡಬೇಕು, ಯಾವುದನ್ನು ಮುಂದಕ್ಕೆ ಹಾಕಬೇಕು? ಆ್ಯಕ್ಟ್ ಥೆರಪಿಯ (ಒಳಗಿನ ಭಾವನೆಗೆ ಜಾಗ ಕೊಟ್ಟು, ಬೇಕಾದ ಬಾಳಿನ ಕಡೆಗೆ ಹೆಜ್ಜೆ ಇಡಿಸುವ ಪದ್ಧತಿ) ಅಭ್ಯಾಸಗಳನ್ನು ಎಲ್ಲಿ ಸೇರಿಸಬೇಕು?

ಗುರುಪುರ ಹೊಳೆ · ಮಂಗಳೂರು

ಅಳು ಬಂತು ಎಂದರೆ ಅಭ್ಯಾಸ ಕೆಟ್ಟಿತು ಎಂದಲ್ಲ. ನೀವು ಬೇಗ ಶುರುಮಾಡಿದಿರಿ, ಅಷ್ಟೆ. ಕುಚ್ಚಲಕ್ಕಿ ಕುದಿಯುವ ಪಾತ್ರೆಯ ಮುಚ್ಚಳವನ್ನು ಒಮ್ಮೆಲೇ ತೆಗೆದರೆ ಹಬೆ ಮುಖಕ್ಕೇ ಹೊಡೆಯುತ್ತದೆ. ವರ್ಷಗಟ್ಟಲೆ ಒಳ್ಳೆಯ ಮಾತು ಕೇಳದ ಮನಸ್ಸಿಗೆ ಒಂದು ಒಳ್ಳೆಯ ಮಾತು ಬಿದ್ದಾಗ ಮೊದಲು ಎದ್ದು ಬರುವುದು ನೆಮ್ಮದಿಯಲ್ಲ, ಇಷ್ಟು ದಿನ ಅದು ಸಿಗಲಿಲ್ಲ ಎಂಬ ದುಃಖ. ಹೊಡೆತ, ಅವಮಾನಗಳ ಮಧ್ಯೆ ಬೆಳೆದವರಿಗೆ ಪ್ರೀತಿ ತೋರಿಸಿದವರೇ ಆಮೇಲೆ ಹೊಡೆದ ನೆನಪೂ ಇರುತ್ತದೆ. ಹಾಗಾಗಿ ಮೃದು ಮಾತು ಕೇಳಿದ ಕೂಡಲೇ ಮೈ ಎಚ್ಚರವಾಗುತ್ತದೆ.

ಸಿಎಫ್‌ಟಿ (ಕರುಣೆಯನ್ನೇ ಕೇಂದ್ರವಾಗಿಟ್ಟ ಥೆರಪಿ) ರೂಪಿಸಿದ ಪಾಲ್ ಗಿಲ್ಬರ್ಟ್ ಮತ್ತು ಸಂಗಡಿಗರು ಈ ಭಯವನ್ನು ಅಳೆಯಲೆಂದೇ 2011ರಲ್ಲಿ ಒಂದು ಪ್ರಶ್ನಾವಳಿ ತಂದರು. ಅದರಲ್ಲಿ ಮೂರು ಭಾಗ: ಬೇರೆಯವರಿಗೆ ಕರುಣೆ ತೋರಲು ಭಯ, ಬೇರೆಯವರಿಂದ ಪಡೆಯಲು ಭಯ, ತನಗೆ ತಾನೇ ತೋರಲು ಭಯ. ಈ ಮೂರನ್ನೂ ಬಾಯಿಮಾತಿನಲ್ಲೇ ಕೇಳಿನೋಡಿ. ಬೇರೆಯವರಿಗೆ ಕೊಡುವುದು ಸಲೀಸು, ಪಡೆಯುವುದು ಕಷ್ಟ, ತನಗೆ ಕೊಡುವುದಂತೂ ಅಸಾಧ್ಯ ಎನ್ನುವವರೇ ಹೆಚ್ಚು. ನಿಮ್ಮ ಕ್ರಮವೂ ಹಾಗೇ ಇರಬೇಕು: ಮೊದಲು ಬೇರೆಯವರಿಗೆ, ಆಮೇಲೆ ಬೇರೆಯವರಿಂದ, ಕೊನೆಗೆ ತನಗೆ. ಎದೆಯ ಮೇಲೆ ಕೈ ಇಡುವುದು ಕೊನೆಯ ಮೆಟ್ಟಿಲು, ನಾವು ಅದನ್ನು ಮೊದಲಿಗೇ ಇಡುತ್ತೇವೆ.

ಮೊದಲ ಭೇಟಿಯಲ್ಲಿ ಅಭ್ಯಾಸವೇ ಬೇಡ. ಒಂದು ಹಾಳೆ ಕೊಟ್ಟು ಮೂರು ವೃತ್ತ ಬಿಡಿಸಲು ಹೇಳಿ: ಅಪಾಯ ಕಾಯುವ ವ್ಯವಸ್ಥೆ, ಗಳಿಸಲು ಓಡಿಸುವ ವ್ಯವಸ್ಥೆ, ತಣಿಸುವ ವ್ಯವಸ್ಥೆ. ಕಳೆದ ಒಂದು ವಾರ ಯಾವುದು ಎಷ್ಟು ದೊಡ್ಡದಿತ್ತೋ ಅಷ್ಟು ದೊಡ್ಡದಾಗಿ ಅವರೇ ಬಿಡಿಸಲಿ. ಹತ್ತು ನಿಮಿಷ ಸಾಕು. ಮೂರನೆಯದು ಕಡಲೆಕಾಳಿನಷ್ಟೇ ಆದದ್ದನ್ನು ಅವರು ತಾವಾಗಿಯೇ ನೋಡುತ್ತಾರೆ. "ಇದು ನಿಮ್ಮ ತಪ್ಪಲ್ಲ, ಮೆದುಳು ಇರುವುದೇ ಹೀಗೆ. ಆದರೆ ಈ ಮೂರನೆಯದನ್ನು ಬೆಳೆಸುವ ಕೆಲಸ ನಮ್ಮ ಕೈಯಲ್ಲುಂಟು" ಎಂದಷ್ಟೇ ಹೇಳಿ ಕಳುಹಿಸಿ.

ಎರಡನೆಯ ಭೇಟಿಯಲ್ಲಿ ಉಸಿರು. ಎರಡೂ ಪಾದ ನೆಲಕ್ಕೆ ತಾಗಲಿ, ಬೆನ್ನು ಕುರ್ಚಿಗೆ ಒರಗದೆ ನೇರ ಇರಲಿ. ಕಣ್ಣು ಮುಚ್ಚುವುದು ಬೇಡ, ನಾಲ್ಕು ಅಡಿ ದೂರದ ನೆಲ ನೋಡಲಿ. ನಾಲ್ಕೈದು ಎಣಿಕೆ ಒಳಗೆ, ಐದಾರು ಎಣಿಕೆ ಹೊರಗೆ. ನಿಮಿಷಕ್ಕೆ ಸುಮಾರು ಐದಾರು ಉಸಿರು ಆಗುತ್ತದೆ. ಮೊದಲ ದಿನ ಎರಡು ನಿಮಿಷ ಮಾತ್ರ. ಆಮೇಲೆ ಮುಖದ ಬಿಗಿ ಸಡಿಲಿಸಿ, ಮನಸ್ಸಿನೊಳಗೆ ತನ್ನದೇ ಹೆಸರನ್ನು ಮೆಲ್ಲಗೆ, ಆಪ್ತರು ಕರೆಯುವ ದನಿಯಲ್ಲಿ ಹೇಳಿಕೊಳ್ಳಬೇಕು. ದನಿ ಮುಖ್ಯ. "ಪರವಾಗಿಲ್ಲ" ಎಂಬ ಮಾತನ್ನೇ ಗದರಿಸುವ ದನಿಯಲ್ಲಿ ಹೇಳಿಕೊಳ್ಳುವವರು ಬಹಳ ಜನ ಇದ್ದಾರೆ. ಆಗ ಮಾತು ಎಷ್ಟು ಒಳ್ಳೆಯದಿದ್ದರೂ ಮೈಗೆ ಕೇಳುವುದು ಗದರಿಕೆ ಮಾತ್ರ.

ಪ್ಯಾನಿಕ್ ಇರುವವರಿಗೆ, ಅಸ್ತಮಾ ಇರುವವರಿಗೆ ಉಸಿರು ಎಣಿಸುವುದೇ ಗಾಬರಿ ಹುಟ್ಟಿಸಬಹುದು. ಅಲ್ಲಿ ಎಣಿಕೆ ಬಿಟ್ಟುಬಿಡಿ. ಚಪ್ಪಲಿ ಕಳಚಿ ಅಂಗಾಲಿಗೆ ನೆಲದ ತಂಪು ತಾಗಲಿ, ಗಮನ ಅಲ್ಲಿಯೇ ಇರಲಿ. ಕೆಲಸ ಅದೇ ಆಗುತ್ತದೆ.

ಕುಂದಾಪ್ರ ನುಡಿ · ಕುಂದಾಪುರ

ಹ್ವಾಯ್, ಅಭ್ಯಾಸಕ್ಕಿಂತ ಮೊದಲು ಶಬ್ದ ಸರಿಮಾಡಿಕೊಳ್ಳಿ. ಅರ್ಧ ತೊಂದರೆ ಅಲ್ಲೇ ಉಂಟು.

"ಕರುಣೆ" ಎಂದರೆ ನಮ್ಮವರ ಕಿವಿಗೆ ದೇವರದ್ದು, ಮೇಲಿನಿಂದ ಕೆಳಕ್ಕೆ ಇಳಿಯುವಂಥದ್ದು. ತನಗೆ ತಾನೇ ಕರುಣಿಸಿಕೊಳ್ಳುವುದು ಎಂದರೆ ಅರ್ಥವೇ ಆಗುವುದಿಲ್ಲ. "ಮರುಕ", "ಕನಿಕರ" ಎಂದರೆ ಪಾಪದವರ ಮೇಲೆ ತೋರುವಂಥದ್ದು, ಮರ್ಯಾದಸ್ಥರಿಗೆ ಅದು ಅವಮಾನ. "ಸ್ವಾನುಕಂಪ" ಪುಸ್ತಕಕ್ಕೆ ಸರಿ, ಆದರೆ ಕೇಳುವವರಿಗೆ ಅದು ತನ್ನ ಕಷ್ಟ ಹೇಳಿಕೊಂಡು ಗೋಳಾಡುವುದು ಎಂದೇ ಕೇಳಿಸುತ್ತದೆ.

ಶಬ್ದದ ಬದಲು ಪ್ರಶ್ನೆ ಬಳಸಿ. "ನಿಮ್ಮ ತಂಗಿಗೆ ಇದೇ ಕಷ್ಟ ಬಂದಿದ್ದರೆ ಅವಳತ್ರ ಹೇಗೆ ಮಾತಾಡ್ತಿದ್ರಿ?" ತುಳು ಮನೆಮಾತಿನವರಿಗೆ "ಮೋಕೆ" (ಪ್ರೀತಿ) ಎಂಬ ಶಬ್ದ ಉಂಟಲ್ಲ, ಅದಕ್ಕೆ ಮೇಲು ಕೆಳಗು ಇಲ್ಲ. ಕೊಂಕಣಿಯವರಿಗೆ "ಮೋಗ". ಕನ್ನಡದಲ್ಲಿ "ಆಸರೆ" ಒಳ್ಳೆಯ ಶಬ್ದ: "ಈ ಹೊತ್ತು ನಿಮಗೆ ನೀವೇ ಆಸರೆಯಾಗುವುದು ಹೇಗೆ?" ಎಂದರೆ ಯಾರಿಗೂ ಬೇಸರ ಆಗುವುದಿಲ್ಲ. ಅದರಲ್ಲಿ ಬಲದ ಅರ್ಥವೂ ಉಂಟು. ಗಿಲ್ಬರ್ಟ್ ಹೇಳುವ ಕರುಣೆಯಲ್ಲಿ ಸಂಕಟವನ್ನು ಗಮನಿಸುವುದರ ಜೊತೆಗೆ ಅದನ್ನು ಕಡಿಮೆ ಮಾಡಲು, ತಡೆಯಲು ಕೈಹಾಕುವ ಬದ್ಧತೆಯೂ ಸೇರಿದೆ. ಮೆತ್ತಗಿರುವುದಷ್ಟೇ ಅಲ್ಲ.

ಇನ್ನೊಂದು. ಆತಂಕ, ಖಿನ್ನತೆ ಎಂದು ನೀವೇ ಹೆಸರಿಡಬೇಡಿ. ಅವರು "ಮಂಡೆಬಿಸಿ" ಎಂದರೆ ಮಂಡೆಬಿಸಿ, "ಬೇಜಾರ್" ಎಂದರೆ ಬೇಜಾರ್. ಮೈಯಲ್ಲಿ ಎಲ್ಲಿ, ಎಷ್ಟು ಹೊತ್ತಿಗೆ, ಏನಾದ ಮೇಲೆ ಎಂದು ಕೇಳುತ್ತಾ ಹೋಗಿ. ಅತ್ಯಂತ ನೋವಿನ ಮಾತು ಮನೆಮಾತಿನಲ್ಲೇ ಬರುತ್ತದೆ. ನಿಮಗೆ ಬ್ಯಾರಿಯೋ ತುಳುವೋ ಬಾರದಿದ್ದರೂ "ನಿಮ್ಮ ಭಾಷೆಯಲ್ಲೇ ಒಮ್ಮೆ ಹೇಳಿ, ಆಮೇಲೆ ನನಗೆ ಅರ್ಥ ಹೇಳಿ" ಎಂದರೆ ಸಾಕು.

ಕಾಪು ದೀಪ · ಕಾಪು

ಆ್ಯಕ್ಟ್ ಬಗ್ಗೆ ಕೇಳಿದ್ದೀರಿ. ಸ್ಟೀವನ್ ಹೇಯ್ಸ್ ಮತ್ತು ಸಂಗಡಿಗರು ಬೆಳೆಸಿದ ಈ ಪದ್ಧತಿಯಲ್ಲಿ ಮನಸ್ಸಿನ ನಮ್ಯತೆಗೆ ಆರು ಎಳೆ: ಬಂದ ಭಾವನೆಗೆ ಜಾಗ ಕೊಡುವುದು, ಯೋಚನೆಯಿಂದ ಸ್ವಲ್ಪ ದೂರ ನಿಂತು ನೋಡುವುದು, ಈ ಕ್ಷಣದಲ್ಲಿ ಇರುವುದು, ನೋಡುವ "ನಾನು" ಯಾರೆಂದು ಅರಿಯುವುದು, ಬಾಳಿಗೆ ಬೇಕಾದ ಮೌಲ್ಯ, ಅದರ ಕಡೆಗೆ ಹೆಜ್ಜೆ. ಆರನ್ನೂ ಸಾಲಾಗಿ ಕಲಿಸಲು ಹೋಗಬೇಡಿ. ಎಲ್ಲಿ ಸಿಕ್ಕಿಕೊಂಡಿದ್ದಾರೋ ಅಲ್ಲಿಂದ ಹಿಡಿಯಿರಿ.

ನಮ್ಮ ಕಡೆ ಅತಿ ದೊಡ್ಡ ಎಡವಟ್ಟು ಆಗುವುದು ಮೊದಲನೆಯದರಲ್ಲಿ. "ಸ್ವೀಕರಿಸಿ", "ಒಪ್ಪಿಕೊಳ್ಳಿ" ಎಂದಿರೋ, ಎದುರು ಕೂತ ಹೆಣ್ಣುಮಗಳಿಗೆ ಕೇಳುವುದು "ಅಡ್ಜಸ್ಟ್ ಮಾಡ್ಕೊಳ್ಳಿ" ಎಂದು. ಅದನ್ನು ಅಮ್ಮನೂ ಹೇಳಿರುತ್ತಾರೆ, ಅತ್ತೆಯೂ ಹೇಳಿರುತ್ತಾರೆ. ಒಪ್ಪಬೇಕಾದದ್ದು ಒಳಗೆ ಏಳುವ ಭಯ, ನಾಚಿಕೆ, ಸಿಟ್ಟುಗಳ ಇರುವಿಕೆಯನ್ನು ಮಾತ್ರ. ಹೊಡೆಯುವ ಗಂಡನನ್ನಲ್ಲ, ಸಂಬಳ ಕೊಡದ ಧಣಿಯನ್ನಲ್ಲ. ಮನೆಯಲ್ಲಿ ಹಿಂಸೆ ನಡೆಯುತ್ತಿದ್ದರೆ ಮೊದಲ ಕೆಲಸ ಸುರಕ್ಷತೆ. "ನನಗೆ ಅಪಾಯ ಉಂಟು" ಎಂಬ ಯೋಚನೆ ನಿಜವಾಗಿರುವಾಗ ಅದರಿಂದ ದೂರ ನಿಲ್ಲಲು ಕಲಿಸುವುದು ಅನ್ಯಾಯ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಜಾಗ ಕೊಡುವುದನ್ನು ತೋರಿಸಲು ಹಗ್ಗಜಗ್ಗಾಟ ಸಾಕು. ಅಷ್ಟಮಿಯ ಸ್ಪರ್ಧೆಗಳಲ್ಲಿ ಎಲ್ಲರೂ ನೋಡಿದ್ದೇ. ಆ ಬದಿಯಲ್ಲಿ ನಿಮ್ಮ ಆತಂಕ, ಮಧ್ಯದಲ್ಲಿ ಹೊಂಡ. ನೀವು ಎಳೆದಷ್ಟೂ ಅದು ಎಳೆಯುತ್ತದೆ. ಒಂದು ಟವಲನ್ನು ನಿಜವಾಗಿಯೂ ಎಳೆಯಲು ಕೊಡಿ, 20 ಸೆಕೆಂಡು ಜೋರಾಗಿ ಎಳೆಸಿ, ಆಮೇಲೆ ಕೇಳಿ: "ಈಗ ಈ ಕೈಯಿಂದ ಬೇರೆ ಎಂತ ಮಾಡಲಿಕ್ಕಾಗ್ತದೆ?" ಏನೂ ಇಲ್ಲ. ಬಿಟ್ಟರೆ ಆತಂಕ ಅಲ್ಲಿಯೇ ನಿಂತಿರುತ್ತದೆ, ಆದರೆ ಕೈ ಖಾಲಿಯಾಗುತ್ತದೆ. ಮಾತಿನಲ್ಲಿ ಹೇಳಿದರೆ ಮರೆತುಹೋಗುತ್ತದೆ, ಭುಜ ನೋಯಿಸಿಕೊಂಡದ್ದು ನೆನಪಿರುತ್ತದೆ.

ಯೋಚನೆಯಿಂದ ದೂರ ನಿಲ್ಲಲು ಶಬ್ದವನ್ನು ಪದೇಪದೇ ಹೇಳುವ ಅಭ್ಯಾಸ ಉಂಟು. 20ನೇ ಶತಮಾನದ ಆರಂಭದಲ್ಲಿ ಮನಶ್ಶಾಸ್ತ್ರಜ್ಞ ಟಿಚೆನರ್ ಗಮನಿಸಿದ ಸಂಗತಿಯದು. ಮೊದಲು "ಹುಳಿ" ಎಂದು ಒಮ್ಮೆ ಹೇಳಿಸಿ, ಬಾಯಲ್ಲಿ ನೀರು ಬರುತ್ತದೆ. ಅದನ್ನೇ 30 ಸೆಕೆಂಡು ಜೋರಾಗಿ, ವೇಗವಾಗಿ ಹೇಳಿಸಿ, ಬರೀ ಸದ್ದು ಉಳಿಯುತ್ತದೆ. ಆಮೇಲೆ ಅವರು ತಮ್ಮನ್ನು ಕರೆದುಕೊಳ್ಳುವ ಮಾತು, "ದಂಡ" ಎಂದೋ ಏನೋ, ಅದಕ್ಕೂ ಹಾಗೇ. ಒಂದೆರಡು ಅಕ್ಷರದ ಶಬ್ದವೇ ಆಗಬೇಕು. ಸಂಕಟ ಬೇಗ ಇಳಿದಂತೆ ಕಂಡರೂ ಆ ಮಾತಿನ ಮೇಲಿನ ನಂಬಿಕೆ ಸಡಿಲಾಗಲು 20ರಿಂದ 30 ಸೆಕೆಂಡು ಬೇಕು, ಹತ್ತಕ್ಕೇ ನಿಲ್ಲಿಸಬೇಡಿ. ಹಿರಿಯರಿಗೆ ಇದು ಗೇಲಿ ಮಾಡಿದಂತೆ ಅನಿಸಬಹುದು, ಅವರಿಗೆ ಬೇಡ. ಅವರಿಗೆ "ನಾನು ದಂಡ ಎಂಬ ಯೋಚನೆ ಈಗ ಬಂದಿದೆ" ಎಂದು ವಾಕ್ಯ ಉದ್ದ ಮಾಡಿಸುವುದು ಸಾಕು.

ಸ್ವರ್ಣೆಯ ದಡ · ಉಡುಪಿ

"ಆಸರೆ" ಶಬ್ದಕ್ಕೆ ತುಂಬ ಉಪಕಾರ. ಪಿಯುಸಿ ಮಕ್ಕಳ ವಾದಕ್ಕೆ ಯಾರಾದರೂ ಉತ್ತರ ಹೇಳಿ. ಹಾಗೇ, ಸಿಎಫ್‌ಟಿಯಲ್ಲಿ ಕರುಣಾಮೂರ್ತಿಯೊಬ್ಬರನ್ನು ಕಲ್ಪಿಸಿಕೊಳ್ಳುವ ಅಭ್ಯಾಸಕ್ಕೆ ಇಲ್ಲಿನವರು ದೇವರನ್ನು, ದೈವವನ್ನೇ ತರುತ್ತಾರೆ. ಅದು ಸರಿಯಾ?

ಕಬಡ್ಡಿ ಅಂಗಳ · ಮೂಡುಬಿದಿರೆ

ಮಕ್ಕಳ ವಾದವನ್ನು ಖಂಡಿಸಬೇಡಿ, ಅದರಲ್ಲಿ ಸ್ವಲ್ಪ ನಿಜ ಉಂಟು. ಬೈಗುಳ ಒಂದು ರಾತ್ರಿ ಓದಿಸುತ್ತದೆ. ಆದರೆ ಬೈಗುಳಕ್ಕೆ ಏಳುವುದು ಅಪಾಯ ಕಾಯುವ ವ್ಯವಸ್ಥೆ, ಅದು ಗಮನವನ್ನು ತಪ್ಪಿನ ಮೇಲೆಯೇ ಕಟ್ಟಿಹಾಕುತ್ತದೆ. ಭೌತಶಾಸ್ತ್ರದ ಒಂದು ಲೆಕ್ಕ ತಪ್ಪಿದ ಮೇಲೆ ಮುಂದಿನ ಮೂರು ಪ್ರಶ್ನೆ ಓದಿದರೂ ತಲೆಗೆ ಹತ್ತದಿರುವುದು ಅದಕ್ಕೇ.

ಇಬ್ಬರು ಕಬಡ್ಡಿ ಕೋಚ್‌ಗಳನ್ನು ಕಲ್ಪಿಸಲು ಹೇಳಿ. ಒಬ್ಬರು ರೈಡ್ ವಿಫಲವಾದ ಕೂಡಲೇ ಎಲ್ಲರೆದುರು ಹೀಗಳೆಯುತ್ತಾರೆ. ಇನ್ನೊಬ್ಬರೂ ತಪ್ಪು ಬಿಡುವವರಲ್ಲ: "ಎಡಗಾಲು ತಡವಾಯ್ತು, ಬಾ, ಹತ್ತು ಸಲ ಮಾಡು" ಎನ್ನುತ್ತಾರೆ. "ನಿನ್ನ ತಮ್ಮನನ್ನು ಯಾರ ಹತ್ತಿರ ಕಳಿಸ್ತಿ?" ಎಂದು ಕೇಳಿ. ಆಮೇಲೆ "ನಿನ್ನ ತಲೆಯೊಳಗಿರುವ ಕೋಚ್ ಯಾರು?" ಎಂದು. ಕರುಣೆ ಎಂದರೆ ಸಡಿಲ ಬಿಡುವುದಲ್ಲ ಎಂಬುದು ಅವರಿಗೆ ಇದರಿಂದ ಹೊಳೆಯುತ್ತದೆ.

ಆದರೆ ಬೈಗುಳ ಯಾವ ಜಾತಿಯದು ಎಂದು ಮೊದಲು ನೋಡಿ. "ನಾನು ಸಾಲದು" ಎನ್ನುವುದು ಒಂದು. "ನಾನೇ ಅಸಹ್ಯ, ನಾನಿರಬಾರದು" ಎನ್ನುವುದು ಬೇರೆಯೇ. ಗಿಲ್ಬರ್ಟ್ ತಂಡ 2004ರಲ್ಲಿ ತಂದ ಅಳತೆಯೂ ಇವೆರಡನ್ನು ಬೇರೆ ಬೇರೆಯಾಗಿಯೇ ಎಣಿಸುತ್ತದೆ. ಎರಡನೆಯದು ಕಂಡರೆ ಕೋಚ್ ಕಥೆ ಬದಿಗಿಡಿ, ಬದುಕು ಮುಗಿಸುವ ಯೋಚನೆ ಉಂಟಾ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಯಾವಾಗ, ಹೇಗೆ ಎಂಬ ಯೋಜನೆ ಇದ್ದರೆ ಒಬ್ಬರನ್ನೇ ಹಾಸ್ಟೆಲಿಗೆ ಕಳುಹಿಸಬೇಡಿ, ಮನೋವೈದ್ಯರಲ್ಲಿಗೆ ಅಂದೇ ಕರೆದೊಯ್ಯುವ ವ್ಯವಸ್ಥೆ ಮಾಡಿ. ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಸಂಖ್ಯೆಯನ್ನು ಅವರ ಫೋನಿನಲ್ಲಿ ನೀವೇ ಎದುರಿದ್ದು ಸೇವ್ ಮಾಡಿಸಿ. ಕನ್ನಡದಲ್ಲೇ ಮಾತಾಡಬಹುದು.

ಚೌಕಿಮನೆ · ಬ್ರಹ್ಮಾವರ

ದೇವರು, ದೈವಗಳ ಪ್ರಶ್ನೆಗೆ. ಬರುವವರು ತಾವಾಗಿ ಕೃಷ್ಣನನ್ನೋ ಮೇರಿ ಮಾತೆಯನ್ನೋ ತಂದರೆ ಬೇಡ ಎನ್ನಬಾರದು. ನೀವಾಗಿ ಮಾತ್ರ ಸೂಚಿಸಬೇಡಿ. ತಂದ ಮೇಲೆ ಒಂದು ಪ್ರಶ್ನೆ ಕೇಳಲೇಬೇಕು: "ನಿಮ್ಮಿಂದ ತಪ್ಪಾದರೆ ಅವರು ಮುನಿಯುತ್ತಾರಾ?" ದೈವ ಕಾಯುತ್ತದೆ, ಹರಕೆ ತಪ್ಪಿದರೆ ಮುನಿಯುತ್ತದೆ ಎಂಬ ನಂಬಿಕೆಯೂ ಅಷ್ಟೇ ಗಟ್ಟಿ. ಉತ್ತರ ಹೌದು ಎಂದಾದರೆ ಈ ಅಭ್ಯಾಸಕ್ಕೆ ಆ ಮೂರ್ತಿ ಬೇಡ, ಕಾಯುವುದರ ಜೊತೆಗೆ ಹೆದರಿಕೆಯೂ ಎದ್ದುಬರುತ್ತದೆ. ನಂಬಿಕೆಯನ್ನು ಮುಟ್ಟಬೇಡಿ, ಯೋಚನೆಯಿಂದ ದೂರ ನಿಲ್ಲುವ ಅಭ್ಯಾಸವನ್ನು ಅದರ ಮೇಲೆ ಹೇರಲೂ ಬೇಡಿ. "ಈ ಕೆಲಸಕ್ಕೆ ಬೇರೆ ಯಾರನ್ನಾದರೂ ಕರೆಯೋಣ" ಎಂದರೆ ಸಾಕು. ತೀರಿಹೋದ ಅಜ್ಜಿಯನ್ನು ತರುವವರೂ ಉಂಟು. ತೀರಿಹೋಗಿ ಹೆಚ್ಚು ಸಮಯ ಆಗಿಲ್ಲದಿದ್ದರೆ ಅಭ್ಯಾಸ ಶೋಕಕ್ಕೆ ತಿರುಗುತ್ತದೆ, ಆಗ ಶೋಕದ ಕೆಲಸವನ್ನೇ ಮಾಡಬೇಕಾಗುತ್ತದೆ. ಮನುಷ್ಯರೇ ಆಗಬೇಕೆಂದಿಲ್ಲ: ಹಳೆಯ ಹಲಸಿನ ಮರ, ಸಂಜೆಯ ಕಡಲು ಆದೀತು. ಅದಕ್ಕೆ ನಿಮ್ಮ ಕಷ್ಟ ತಿಳಿದಿದೆ, ಹೊರುವ ಬಲ ಇದೆ, ನಿಮ್ಮ ಒಳಿತು ಬೇಕಾಗಿದೆ, ಅದು ತೀರ್ಪು ಕೊಡುವುದಿಲ್ಲ. ಈ ನಾಲ್ಕು ಗುಣ ಇದ್ದರಾಯಿತು.

ನೋಡುವ "ನಾನು" ಎಂಬ ಎಳೆಗೆ ಚದುರಂಗದ ಹಾಸಿನ ಉಪಮೆ ಕೊಡುತ್ತಾರೆ. ನಮ್ಮ ಜನಕ್ಕೆ ಯಕ್ಷಗಾನದ ರಂಗಸ್ಥಳವೇ ಹತ್ತಿರ. ಇಡೀ ರಾತ್ರಿ ಬಣ್ಣದ ವೇಷ ಅಬ್ಬರಿಸುತ್ತದೆ, ಸ್ತ್ರೀವೇಷ ಅಳುತ್ತದೆ, ಹಾಸ್ಯಗಾರ ಬಂದು ಹೋಗುತ್ತಾನೆ. ಎಲ್ಲ ವೇಷವೂ ಬಣ್ಣ ಹಚ್ಚುವ ಚೌಕಿಗೆ ಮರಳುತ್ತದೆ, ರಂಗಸ್ಥಳ ಅಲ್ಲಿಯೇ ಇರುತ್ತದೆ. "ಈಗ ಬಂದಿರುವುದು ಯಾವ ವೇಷ?" ಎಂದು ಕೇಳಿದರೆ ಹೆಚ್ಚು ವಿವರಿಸಬೇಕಾಗಿಲ್ಲ. ಬಣ್ಣದ ವೇಷವನ್ನು ಓಡಿಸುವ ಕೆಲಸ ರಂಗಸ್ಥಳದ್ದಲ್ಲ ಎಂಬುದನ್ನೂ ಹೇಳಿ.

ಒಂದು ಎಚ್ಚರಿಕೆ: ತಾನು ಮೈಯಿಂದ ಹೊರಗಿದ್ದೇನೆ, ಸುತ್ತಲಿನದು ಕನಸಿನಂತಿದೆ ಎನ್ನುವವರಿಗೆ ಈ "ನೋಡುವವನು" ಅಭ್ಯಾಸ ಕೊಡಬೇಡಿ. ಅವರು ಆಗಲೇ ಬೇಕಾದ್ದಕ್ಕಿಂತ ದೂರ ನಿಂತಿರುತ್ತಾರೆ. ಕಣ್ಣು ತೆರೆಸಿ, ಕೋಣೆಯಲ್ಲಿರುವ ಐದು ವಸ್ತುಗಳ ಹೆಸರು ಹೇಳಿಸಿ, ಕೈಗೆ ತಣ್ಣೀರಿನ ಲೋಟ ಕೊಡಿ.

ಗುರುಪುರ ಹೊಳೆ · ಮಂಗಳೂರು

ಚೌಕಿಮನೆಯವರ ಮಾತಿಗೆ ಒಂದು ತಕರಾರು. ಮರ, ಕಡಲು ಕೆಲವರಿಗೆ ಸಾಲುವುದಿಲ್ಲ. ಮನುಷ್ಯರಿಂದಲೇ ನೋವಾದವರಿಗೆ ಮರ ಸುರಕ್ಷಿತ ಆರಂಭ, ಒಪ್ಪುತ್ತೇನೆ. ಆದರೆ ಅಲ್ಲೇ ನಿಂತರೆ ಮನುಷ್ಯರಿಂದ ಪಡೆಯುವ ಭಯ ಹಾಗೇ ಉಳಿಯುತ್ತದೆ. ನಾಲ್ಕೈದು ಭೇಟಿಯ ನಂತರ ಮುಖವಿರುವ, ದನಿಯಿರುವ ರೂಪಕ್ಕೆ ದಾಟಿಸಲು ಯತ್ನಿಸಬೇಕು.

ಚೌಕಿಮನೆ · ಬ್ರಹ್ಮಾವರ

ಒಪ್ಪಿದೆ. ದಾಟುವ ಹೊತ್ತನ್ನು ಅವರೇ ಹೇಳಲಿ ಎಂದಷ್ಟೇ ಸೇರಿಸುತ್ತೇನೆ.

ಕಾಪು ದೀಪ · ಕಾಪು

ಮನೆಗೆಲಸ ಆಗುವುದಿಲ್ಲ ಎಂಬುದಕ್ಕೆ. "ದಿನಾ 20 ನಿಮಿಷ ಮಾಡಿ" ಎಂದರೆ ಆಗುವುದಿಲ್ಲ, ಮಾಡದ್ದಕ್ಕೆ ಮತ್ತೆ ಬೈದುಕೊಳ್ಳುತ್ತಾರೆ. ಆಗ ನೀವೇ ಅವರ ಕೈಗೆ ಹೊಸ ಕೋಲು ಕೊಟ್ಟಂತೆ. ಈಗಾಗಲೇ ಇರುವ ಕೆಲಸಕ್ಕೆ ಕಟ್ಟಿ: ಒಲೆಯಲ್ಲಿ ಚಹಾ ಕುದಿಯುವವರೆಗೆ, ಬಸ್ಸು ಹತ್ತಿ ಕೂತ ಮೇಲೆ ಮೊದಲ ಸ್ಟಾಪಿನವರೆಗೆ.

ಮೌಲ್ಯದ ಮಾತಿಗೆ ಮಂಗಳೂರು ಉಡುಪಿ ಎಕ್ಸ್‌ಪ್ರೆಸ್ ಬಸ್ಸನ್ನೇ ತೆಗೆದುಕೊಳ್ಳಿ. ನೀವು ಡ್ರೈವರ್. ಹಿಂದೆ ಕೂತ ಯೋಚನೆಗಳು "ನಿಲ್ಸಿ, ತಿರುಗ್ಸಿ" ಎಂದು ಬೊಬ್ಬೆ ಹಾಕುತ್ತವೆ. ಎದ್ದುಹೋಗಿ ಅವರೊಂದಿಗೆ ಜಗಳಕ್ಕೆ ನಿಂತರೆ ಬಸ್ಸು ಸುರತ್ಕಲ್‌ನಲ್ಲೇ ಉಳಿಯುತ್ತದೆ. ಮುಲ್ಕಿ, ಪಡುಬಿದ್ರಿ, ಕಾಪು ಗುರಿಗಳು, ಒಂದೊಂದಾಗಿ ಮುಟ್ಟಬಹುದು. ಮೌಲ್ಯ ಎಂದರೆ ಬಡಗು ದಿಕ್ಕು, ಅದನ್ನು ತಲುಪಿ ಮುಗಿಸಲಿಕ್ಕಿಲ್ಲ. ಹೆಜ್ಜೆಯನ್ನು ಕೋಣೆಯಲ್ಲೇ ನಿರ್ಧರಿಸಿ: 24 ಗಂಟೆಯೊಳಗೆ, ಹತ್ತು ನಿಮಿಷದೊಳಗೆ ಮುಗಿಯುವಂಥದ್ದು, ಎಲ್ಲಿ, ಎಷ್ಟು ಹೊತ್ತಿಗೆ. "ಅಕ್ಕನೊಂದಿಗೆ ಚೆನ್ನಾಗಿರಬೇಕು" ಹೆಜ್ಜೆಯಲ್ಲ. "ನಾಳೆ ಊಟದ ನಂತರ ಅಕ್ಕನಿಗೆ ಐದು ನಿಮಿಷ ಫೋನು" ಹೆಜ್ಜೆ. ಮಾಡುವಾಗ ಏನು ಭಯ ಬರಬಹುದು, ಬಂದರೆ ಅದನ್ನು ಜೊತೆಗೆ ಕೂರಿಸಿಕೊಳ್ಳುವುದು ಹೇಗೆ ಎಂದೂ ಕೇಳಿ.

ಅಳತೆಗೋಲು · ಮಣಿಪಾಲ

ಯಾರೂ ಕೇಳಲಿಲ್ಲ, ಆದರೂ ಹೇಳಬೇಕು. ಆ್ಯಕ್ಟ್‌ನಲ್ಲಿ ಮನಸ್ಸಿನ ನಮ್ಯತೆ ಹೆಚ್ಚಿತೇ ಎಂದು ನೋಡಲು ಹೆಚ್ಚಿನವರು ಎಎಕ್ಯೂ ಎಂಬ ಪ್ರಶ್ನಾವಳಿಯ 2011ರ ಎರಡನೇ ಆವೃತ್ತಿಯನ್ನು ಬಳಸುತ್ತಾರೆ. ಏಳು ವಾಕ್ಯ, ಪ್ರತಿಯೊಂದಕ್ಕೂ 1ರಿಂದ 7, ಒಟ್ಟು 7ರಿಂದ 49. ಅಂಕ ಏರಿದಷ್ಟೂ ನಮ್ಯತೆ ಕಡಿಮೆ, ಇದನ್ನು ಉಲ್ಟಾ ಓದುವವರು ಉಂಟು. ಇದು ನಮ್ಯತೆಗಿಂತ ಸಂಕಟವನ್ನೇ ಅಳೆಯುತ್ತದೆ ಎಂಬ ಟೀಕೆಯಲ್ಲೂ ಹುರುಳಿದೆ. ಪರೀಕ್ಷೆ ಹತ್ತಿರ ಬಂದಾಗ ಅಂಕ ಏರಿದರೆ ನಿಮ್ಮ ಥೆರಪಿ ಸೋತಿತು ಎಂದುಕೊಳ್ಳಬೇಡಿ. ಕೂತಲ್ಲೇ ಅನುವಾದಿಸಿ ಕೊಟ್ಟ ವಾಕ್ಯಗಳ ಅಂಕವನ್ನು ಪುಸ್ತಕದ ಸರಾಸರಿಯೊಂದಿಗೆ ಹೋಲಿಸುವುದಂತೂ ಬೇಡವೇ ಬೇಡ.

ಇದರ ಜೊತೆಗೆ ಪ್ರತಿ ಭೇಟಿಗೂ ಎರಡು ಪ್ರಶ್ನೆ ಇಟ್ಟುಕೊಳ್ಳಿ. ಮಂಡೆಬಿಸಿ ಇದ್ದೂ ಮುಖ್ಯವಾದ ಕೆಲಸ ಮಾಡಿದ್ದು ಎಷ್ಟು ಸಲ? ತಪ್ಪಾದ ಮೇಲೆ ಮತ್ತೆ ಕೆಲಸಕ್ಕೆ ಕೂರಲು ಎಷ್ಟು ಹೊತ್ತು ಬೇಕಾಯಿತು? ಎರಡನೆಯದು ಒಂದು ದಿನದಿಂದ ಒಂದು ಗಂಟೆಗೆ ಇಳಿದಿದ್ದರೆ, ಅಳು ಅಷ್ಟೇ ಇದ್ದರೂ ಕೆಲಸ ನಡೆದಿದೆ.

ಕುಂದಾಪ್ರ ನುಡಿ · ಕುಂದಾಪುರ

ಥೆರಪಿಸ್ಟರ ಕಡೆಯದ್ದೂ ಒಂದು. ಎದುರಿನವರ ನೋವನ್ನು ನಮ್ಮದೇ ಎಂಬಂತೆ ಅನುಭವಿಸುವುದು ಬೇರೆ, ಅವರ ಒಳಿತನ್ನು ಬಯಸಿ ಜೊತೆಗಿರುವುದು ಬೇರೆ. ಮೆದುಳು ವಿಜ್ಞಾನಿ ತಾನ್ಯಾ ಸಿಂಗರ್ ತಂಡದ ಅಧ್ಯಯನಗಳಲ್ಲಿ ಮೊದಲನೆಯದನ್ನು ಮಾತ್ರ ಅಭ್ಯಾಸ ಮಾಡಿದವರ ಸಂಕಟ ಏರಿತು, ಕರುಣೆಯ ಅಭ್ಯಾಸ ಸೇರಿದಾಗ ಒಳ್ಳೆಯ ಭಾವ ಮರಳಿತು. ಹಾಗಾಗಿ ಒಬ್ಬರು ಹೋಗಿ ಇನ್ನೊಬ್ಬರು ಬರುವ ಮಧ್ಯೆ ಹತ್ತು ನಿಮಿಷ ಇಟ್ಟುಕೊಳ್ಳಿ: ಐದರಲ್ಲಿ ಟಿಪ್ಪಣಿ, ಎರಡರಲ್ಲಿ ಉಸಿರು, ಮೂರರಲ್ಲಿ ಕೋಣೆಯಿಂದ ಹೊರಗೆ ನಡಿಗೆ. ನೀವು ಬೇಗಬೇಗ ಸಮಾಧಾನ ಹೇಳುತ್ತಿದ್ದೀರಿ ಎಂದು ಕಂಡರೆ ನಿಲ್ಲಿಸಿ ನೋಡಿ, ಆ ಅಳು ಯಾರಿಗೆ ತಡೆಯಲಾಗುತ್ತಿಲ್ಲ ಎಂದು. ಅದು ನಿಮಗೇ ಆದರೆ, ನಾಲ್ಕು ಉಸಿರು ಸುಮ್ಮನಿರಿ.

ಮನೆಯವರು ಒಟ್ಟಿಗೆ ಬಂದು ಕೋಣೆಯೊಳಗೆ ಕೂರುತ್ತೇವೆ ಎನ್ನುವುದು ನಮ್ಮಲ್ಲಿ ಸಾಮಾನ್ಯ. ಹತ್ತು ನಿಮಿಷ ಅವರೊಂದಿಗೆ, ಉಳಿದದ್ದು ಒಬ್ಬರೊಂದಿಗೇ ಎಂದು ಮೊದಲೇ ಹೇಳಿ. ಗೌಪ್ಯತೆಯ ಹಕ್ಕು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್‌ನಲ್ಲೇ ಉಂಟು. ಪ್ರಾಣಾಪಾಯದಂಥ ಸಂದರ್ಭಗಳಿಗೆ ವಿನಾಯಿತಿ ಇದೆ ಎಂಬುದನ್ನೂ ಮೊದಲ ದಿನವೇ ತಿಳಿಸಿ.

ಸ್ವರ್ಣೆಯ ದಡ · ಉಡುಪಿ

ಎಲ್ಲರಿಗೂ ಋಣಿ. ಒಂದೇ ಸಂದೇಹ ಉಳಿದಿದೆ. ಉಸಿರಿನ ಅಭ್ಯಾಸದ ಮಧ್ಯೆ ಅಳು ಬಂದರೆ ನಿಲ್ಲಿಸಬೇಕಾ, ಮುಂದುವರಿಸಬೇಕಾ?

ಗುರುಪುರ ಹೊಳೆ · ಮಂಗಳೂರು

ಪಾದ ನೆಲದ ಮೇಲೆ ಉಂಟಾ, ನಿಮ್ಮ ದನಿ ಅವರಿಗೆ ಕೇಳುತ್ತಾ ಉಂಟಾ ನೋಡಿ. ಎರಡೂ ಹೌದಾದರೆ ಎಣಿಕೆ ನಿಲ್ಲಿಸಿ, ಉಸಿರು ತನ್ನಷ್ಟಕ್ಕೆ ಹೋಗಲಿ, ಅಳು ಬರಲಿ, ನೀವು ಅಲ್ಲೇ ಇರಿ. ಕೇಳಿದ್ದಕ್ಕೆ ಉತ್ತರ ಬರದಿದ್ದರೆ, ನೋಟ ಎಲ್ಲೋ ನೆಟ್ಟಿದ್ದರೆ ಅಭ್ಯಾಸ ಬಿಟ್ಟು ಹೆಸರು ಹಿಡಿದು ಕರೆಯಿರಿ, ಇಂದು ಯಾವ ವಾರ, ಎಲ್ಲಿ ಕೂತಿದ್ದೀರಿ ಎಂದು ಕೇಳಿ, ನೀರು ಕೊಡಿ. ಆ ದಿನ ಮತ್ತೆ ಕಣ್ಣು ತಗ್ಗಿಸುವ ಅಭ್ಯಾಸ ಬೇಡ. ಹೊರಡುವ ಮೊದಲು 15 ನಿಮಿಷ ಉಳಿಸಿಕೊಂಡು ಮನೆಗೆ ಹೇಗೆ ಹೋಗುತ್ತಾರೆ, ಯಾರಿದ್ದಾರೆ, ರಾತ್ರಿ ಊಟಕ್ಕೆ ಎಂತ ಎಂಬಂಥ ಮಾಮೂಲು ಮಾತನಾಡಿ ಕಳುಹಿಸಿ.